ವಿದ್ಯಾರ್ಥಿಗೆ ತಕ್ಕ ಮಾರ್ಗದರ್ಶಕನು



ಗುರುವಿನ ಮಹಿಮೆಯನ್ನು ಶ್ರೀಮಠದ ಭಕ್ತರಿಗೆ ವಿವರಿಸಿ ಹೇಳಬೇಕಾದ ಅವಶ್ಯಕತೆಯಿಲ್ಲ. ಅಷ್ಟಾವರಣಗಳಲ್ಲಿ ಮೊದಲನೆಯ ಸ್ಥಾನವು ಗುರುವಿನದು. ಆದರೆ ಗುರುವು ಬೇಕೆಂದು ಹೇಳುವುದು ಒಂದು ಮಾತು. ಯಾವ ಶಿಷ್ಯನಿಗೆ ಯಾವ ಗುರುವು ತಕ್ಕವನೆಂದು ವಿಚಾರಿಸುವುದು ಮತ್ತೊಂದು ಮಾತು. ಮೊದಲನೆಯದನ್ನು ಸರ್ವರೂ ಒಪ್ಪುವರು. ಎರಡನೆಯದನ್ನು ವಿಚಾರಿಸುವವರು ವಿರಳರು. ಇಲ್ಲಿ ದೀಕ್ಷಾಗುರುವಿನ ವಿಷಯವು ಪ್ರಸ್ತುತವಲ್ಲ. ಶಾಲೆ ಕಾಲೇಜುಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಓದುತ್ತಿರುವ ಹುಡುಗ ಹುಡುಗಿಯರಿಗೆ ಒಬ್ಬೊಬ್ಬ ಹಿರಿಯರನ್ನು ಗೊತ್ತುಮಾಡಿ, ಅವರ ಓದು, ಮನಸ್ಸು, ಮುಂದಿನ ದಾರಿ ಇವುಗಳನ್ನು ವಿಚಾರಿಸುವಂತೆ ಏರ್ಪಡಿಸುವ ಪದ್ಧತಿಯೇ ಇಂದಿನ ವಿಷಯವು. ಈ ಹಿರಿಯರನ್ನು ಮಾರ್ಗದರ್ಶಕರೆಂದು ಕರೆಯುವುದು ಈಗ ರೂಢಿಯಾಗಿದೆ.

ಈ ಪದ್ಧತಿಯು ಹೊಸದೆಂದು ತೋರಬಹುದು. ಆದರೆ ಅದರ ಬೇರು ಈ ನಾಡಿನಲ್ಲಿಯೇ ಇದೆ. ಹಿಂದಿನ ಕಾಲದ ಐಗಳ ಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದುತ್ತಿದ್ದರು. ಐಗಳು ಒಬ್ಬರೇ, ಮಕ್ಕಳೋ ಹಲವರು. ಆದುದರಿಂದ ಮುಂದೆ ಕಲಿತ ಹುಡುಗನು ಹಿಂದಿನವನಿಗೆ ಕಲಿಸುತ್ತಿದ್ದನು. ದಕ್ಷಿಣ ಹಿಂದೂಸ್ಥಾನದ ಇಂಥ ಒಂದು ಶಾಲೆಯ ಮರಳಿನ ಬರೆವಣಿಗೆಯನ್ನು ಕಂಡು ಆಶ್ಚರ್ಯಪಟ್ಟವರು ಮದರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಶಾಲೆಯನ್ನು ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿಗಳು. ಅವರು ತಮ್ಮ ಶಾಲೆಯಲ್ಲಿ ಎಂಟು ವರ್ಷದ ಒಬ್ಬ ಹುಡುಗನನ್ನೇ ಅಕ್ಷರ ಕಲಿಸಲು ನಿಯಮಿಸಿದರು. ತರುವಾಯ ತರಗತಿಯ ಮಕ್ಕಳನ್ನು ಕಲಿಸುವವನೊಬ್ಬ, ಕಲಿಯುವವನೊಬ್ಬ ಎಂದು ಜೋಡಿಗಳಾಗಿ ವಿಂಗಡಿಸಿದರು. ೧೭೯೭ರಲ್ಲಿ ಲಂಡನ್ನಿನಲ್ಲಿ ಈ ಕ್ರಮವನ್ನು ಕುರಿತು ಪುಸ್ತಕವನ್ನು ಪ್ರಕಟಿಸಿದರು. ಅಲ್ಲಿ ಅದು ಮದರಾಸು ಪದ್ಧತಿಯೆಂದೇ ಪ್ರಸಿದ್ಧವಾಯಿತು. ಮಕ್ಕಳನ್ನು ಜೋಡಿಮಾಡುವ ವಿದ್ಯೆಯು ಇಲ್ಲಿಂದ ಹೊರಟು ಕಡಲನ್ನು ದಾಟಿತೆಂಬುದು ಸಂತೋಷದ ಸಂಗತಿ.

ಇನ್ನೊಂದು ಪದ್ಧತಿಯೆಂದರೆ ವಾರಾನ್ನ. ಹಳೆಯ ಮೈಸೂರು ಸೀಮೆಯಲ್ಲಿ ಪಟ್ಟಣಕ್ಕೆ ಓದಲು ಬಂದ ಬಡ ಹುಡುಗನು ವಾರಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದನು. ಅದರಲ್ಲಿ ಅವಮಾನವೂ ಇತ್ತು, ಹಸಿವೂ ಇತ್ತು. ಆದರೂ ಅದರಲ್ಲಿ ಒಂದು ಗುಣವಿತ್ತು. ಸೋಮವಾರದ ಮನೆಗೆ ಹುಡುಗನು ಬಾರದಿದ್ದರೆ ಆ ಮನೆಯ ತಾಯಿಯು, “ಇವತ್ತು ಹುಡುಗ ಯಾಕೆ ಬರಲಿಲ್ಲ? ಮೈಗೆ ಸರಿಯಿಲ್ಲವೋ ಏನೋ?” ಎಂದು ಕೇಳುತ್ತಿದ್ದಳು. ದೋಷವೂ ದೊಡ್ಡದೇ ಆಗಿದ್ದಿತು. ಪರಿಚಯವಿದ್ದವನಿಗೆ ಮನೆ ಸಿಕ್ಕುತ್ತಿತ್ತು. ಪರಿಚಯವು ಬಹುಮಟ್ಟಿಗೆ ಜಾತಿಯನ್ನು ಅನುಸರಿಸುತ್ತಿತ್ತು. ಯಾರ ಪರಿಚಯವೂ ಇಲ್ಲದವನಿಗೆ ಏಳು ಮನೆಗಳಿರಲಿ, ಒಂದು ಮನೆಯೂ ಇರುತ್ತಿರಲಿಲ್ಲ.

ಈ ದೋಷವನ್ನು ಪರಿಹರಿಸಿದವು ಮಠಗಳ ಉಚಿತ ವಿದ್ಯಾರ್ಥಿನಿಲಯಗಳು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಚಿತ್ರದುರ್ಗದ ಬೃಹನ್ಮಠದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳು ಹಲವು ಊರುಗಳಲ್ಲಿ ಇಂಥ ನಿಲಯಗಳಿಗೆ ಆಶ್ರಯವಿತ್ತರು. ತುಮಕೂರಿನ ಸಿದ್ಧಗಂಗೆ, ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆ, ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿ ಇವುಗಳು ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಒದಗಿಸಿದುದು ಸರ್ವವಿದಿತವು. ಏಳು ಮನೆಗಳ ಬಾಗಿಲನ್ನು ತಟ್ಟುವ ಕಷ್ಟವು ತಪ್ಪಿತು. ಆದರೆ ನೂರಾರು ಮಕ್ಕಳ ಪಂಕ್ತಿಯಲ್ಲಿ ಒಬ್ಬನು ಕುಳಿತಿಲ್ಲವೆಂಬುದನ್ನು ಕಾಣುವವರು ಯಾರು? ಅನ್ನವು ಹೆಚ್ಚಿತು; “ಹುಡುಗ ಯಾಕೆ ಬರಲಿಲ್ಲ?” ಎಂದು ಕೇಳುವವರು ಕಡಿಮೆಯಾದರು. ಮಾರ್ಗದರ್ಶಕರ ಪದ್ಧತಿಯು ಈ ಕೊರತೆಯನ್ನು ತುಂಬಲು ಬಂದುದಾಗಿದೆ.

ಸರಕಾರದ ಕಡೆಯಿಂದಲೂ ಈ ಪ್ರಯತ್ನವು ನಡೆದಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೧೯ರಲ್ಲಿ ‘ದೀಕ್ಷಾರಂಭ’ ಎಂಬ ಹೆಸರಿನಿಂದ ಹೊಸ ವಿದ್ಯಾರ್ಥಿಗಳ ಪ್ರವೇಶಕಾಲಕ್ಕೆ ಒಂದು ಕ್ರಮವನ್ನು ಗೊತ್ತುಮಾಡಿ, ಸುಮಾರು ೨೦ ಮಂದಿ ವಿದ್ಯಾರ್ಥಿಗಳ ಗುಂಪಿಗೆ ಒಬ್ಬ ಅಧ್ಯಾಪಕರು ಮಾರ್ಗದರ್ಶಕರಾಗಿರಬೇಕೆಂದು ಸೂಚಿಸಿತು. ಕಾಲೇಜುಗಳ ಗುಣಮಟ್ಟವನ್ನು ಪರೀಕ್ಷಿಸುವ ಮಂಡಲಿಯೂ ಒಬ್ಬ ಮಾರ್ಗದರ್ಶಕರಿಗೆ ಎಷ್ಟು ವಿದ್ಯಾರ್ಥಿಗಳೆಂಬ ಲೆಕ್ಕವನ್ನು ಕೇಳಿದುದುಂಟು. ಉದ್ದೇಶವು ಉತ್ತಮವಾದುದೇ. ಆದರೆ ಲೆಕ್ಕವನ್ನು ಕೇಳಿದಲ್ಲಿ ಲೆಕ್ಕವೇ ಸಿಕ್ಕುತ್ತದೆ. ಹಾಜರಿಪಟ್ಟಿಯಲ್ಲಿ ೧ರಿಂದ ೨೦ರ ವರೆಗೆ ಒಬ್ಬರಿಗೆ, ೨೧ರಿಂದ ೪೦ರ ವರೆಗೆ ಮತ್ತೊಬ್ಬರಿಗೆ ಎಂದು ಹಂಚಿಬಿಟ್ಟರೆ ಕಾಗದದ ಕೆಲಸವು ಪೂರ್ತಿಯಾಯಿತು. ಆ ಇಪ್ಪತ್ತು ಮಂದಿಗೆ ಆ ಹಿರಿಯರು ತಕ್ಕವರೋ ಅಲ್ಲವೋ ಎಂಬ ಪ್ರಶ್ನೆಯು ಕಾಗದದಲ್ಲಿ ಬರುವುದಿಲ್ಲ.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನಾಟಕಗಳನ್ನು ಕಂಡವರಿಗೆ ಈ ಮಾತು ಬೇಗನೆ ತಿಳಿಯುವುದು. ಅಲ್ಲಿಯ ಶಿವಸಂಚಾರವು ೧೯೯೭ರಿಂದ ಊರೂರಿಗೆ ಹೋಗಿ ನಾಟಕವಾಡುತ್ತ ಬಂದಿದೆ. ನಾಟಕದ ಪಾತ್ರಗಳನ್ನು ಹಂಚುವಾಗ ಯಾವ ನಿರ್ದೇಶಕನೂ ಹಾಜರಿಪಟ್ಟಿಯನ್ನು ಮುಂದಿಟ್ಟುಕೊಳ್ಳುವುದಿಲ್ಲ. ಕಂಠ, ನಿಲುವು, ಸ್ವಭಾವಗಳನ್ನು ನೋಡುತ್ತಾನೆ, ಓದಿಸಿ ನೋಡುತ್ತಾನೆ, ಹೊಂದದಿದ್ದರೆ ಬದಲಾಯಿಸುತ್ತಾನೆ. ಒಂದು ಸಂಜೆಯ ಆಟಕ್ಕೆ ಇಷ್ಟು ವಿಚಾರವು ಬೇಕಾದರೆ, ಒಂದು ಮಗುವಿನ ಬಾಳಿಗೆ ಬೇಡವೇ?

ತಪ್ಪಾಗಿ ಜೋಡಿಸಿದರೆ ಹೆಚ್ಚೇನು ನಷ್ಟ, ಲಾಭವಾಗದಿದ್ದರೂ ಕೇಡಿಲ್ಲವಲ್ಲ ಎಂದು ಕೆಲವರು ಹೇಳುವುದುಂಟು. ಈ ನಂಬಿಕೆಯು ಸರಿಯಲ್ಲ. ಅಮೆರಿಕಾದ ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಂಬ್ರಿಜ್ ಮತ್ತು ಸಾಮರ್ವಿಲ್ ಎಂಬ ಊರುಗಳಲ್ಲಿ ೧೯೩೯ರಲ್ಲಿ ಒಂದು ಪ್ರಯೋಗವು ಆರಂಭವಾಯಿತು. ೫೦೬ ಮಂದಿ ಹುಡುಗರಲ್ಲಿ ಅರ್ಧದಷ್ಟು ಮಂದಿಗೆ ಸಲಹೆಗಾರರನ್ನು ಗೊತ್ತುಮಾಡಿ, ಅವರು ಹುಡುಗರ ಮನೆಗಳಿಗೆ ಹೋಗಿ ವರ್ಷಗಳ ಕಾಲ ವಿಚಾರಿಸುವಂತೆ ಏರ್ಪಡಿಸಿದರು. ಉಳಿದವರಿಗೆ ಏನನ್ನೂ ಮಾಡಲಿಲ್ಲ. ನಡುವೆ ಮಹಾಯುದ್ಧವು ಬಂದು ಎಷ್ಟೋ ಮಂದಿ ಸಲಹೆಗಾರರು ಬಿಟ್ಟುಹೋದರು. ಮೂವತ್ತು ವರ್ಷಗಳ ತರುವಾಯ ಜೋನ್ ಮೆಕಾರ್ಡ್ ಎಂಬ ವಿದುಷಿಯು ಅವರೆಲ್ಲರನ್ನೂ ಹುಡುಕಿಸಿ ವಿಚಾರಿಸಿ ೧೯೭೮ರಲ್ಲಿ ಫಲವನ್ನು ಪ್ರಕಟಿಸಿದಳು. ಸಹಾಯ ಪಡೆದವರು ಪಡೆಯದವರಿಗಿಂತ ಮೇಲಾಗಿರಲಿಲ್ಲ. ಕುಡಿತವೇ ಮೊದಲಾದ ಕೆಲವು ವಿಷಯಗಳಲ್ಲಿ ಕೀಳಾಗಿಯೇ ಇದ್ದರು. ಸದುದ್ದೇಶ ಮಾತ್ರದಿಂದ ಸತ್ಫಲವು ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಕಹಿಯಾದ ನಿದರ್ಶನವು ಬೇಡ.

೨೦೦೨ರಲ್ಲಿ ಅದೇ ದೇಶದ ಗ್ರಾಸ್‌ಮನ್ ಮತ್ತು ರೋಡ್ಸ್ ಎಂಬವರು ಮತ್ತೊಂದು ವಿಷಯವನ್ನು ಕಂಡರು. ಹಿರಿಯ ಕಿರಿಯರ ಸಂಬಂಧವು ಒಂದು ವರ್ಷವೋ ಹೆಚ್ಚೋ ನಡೆದಲ್ಲಿ ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು ಪ್ರಯೋಜನವಾಗಿತ್ತು. ಮೂರು ತಿಂಗಳೊಳಗೆ ಮುರಿದಲ್ಲಿ ಮಕ್ಕಳಿಗೆ ತಮ್ಮ ಮೇಲಿನ ವಿಶ್ವಾಸವೇ ಕುಗ್ಗಿತ್ತು. ಇದರ ಕಾರಣವು ಊಹಿಸತಕ್ಕದ್ದೇ. ಯಾರೂ ಬಾರದ ಮನೆಯ ಮಗುವು ಯಾರನ್ನೂ ಕಾಯುವುದಿಲ್ಲ. ಬರುತ್ತೇನೆಂದು ಹೇಳಿ ಬಾರದವರನ್ನು ಕಾದ ಮಗುವು, ತನ್ನಲ್ಲಿಯೇ ಏನೋ ದೋಷವಿದೆಯೆಂದು ತಿಳಿಯುತ್ತದೆ.

ಹಾಗಾದರೆ ಜೋಡಿಸುವ ಮೊದಲು ವಿಚಾರಿಸಬೇಕಾದುದೇನು?

ಮೊದಲನೆಯದು ವಿದ್ಯಾರ್ಥಿಯ ಅವಶ್ಯಕತೆ. ಗಣಿತದಲ್ಲಿ ಹಿಂದೆ ಬಿದ್ದಿರುವವನಿಗೆ ಬೇಕಾದ ಹಿರಿಯನು ಬೇರೆ; ಓದಿನಲ್ಲಿ ಚುರುಕಾಗಿದ್ದು ಮುಂದೆ ಯಾವ ಕೋರ್ಸಿಗೆ ಅರ್ಜಿ ಹಾಕಬೇಕೆಂಬುದನ್ನು ತಿಳಿಯದವನಿಗೆ ಬೇಕಾದವನು ಬೇರೆ; ತಂದೆಯನ್ನು ಕಳೆದುಕೊಂಡು ಮಾತೇ ಆಡದಂತಾದವನಿಗೆ ಬೇಕಾದವನು ಮತ್ತೂ ಬೇರೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲೇರಿದವರಿಗೆ ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುವುದೇ ಒಂದು ಬೆಟ್ಟವು.

ಎರಡನೆಯದು ದೂರ ಮತ್ತು ಕಾಲ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು ೪೦ ಕಿಲೋಮೀಟರು; ಹೊಸದುರ್ಗವು ಅದಕ್ಕಿಂತಲೂ ದೂರ. ಕಡೆಯ ಬಸ್ಸು ಹೊರಡುವ ಹೊತ್ತಿಗೆ ಭೇಟಿಯನ್ನು ಗೊತ್ತುಮಾಡಿದರೆ ಹಳ್ಳಿಯ ಹುಡುಗಿಯು ಬರುವಳೆಂದು ನಿರೀಕ್ಷಿಸುವುದು ಹೇಗೆ? ಹೊಳಲ್ಕೆರೆಯ ಕಡೆ ಅಡಕೆಯ ಕೊಯ್ಲಿನಲ್ಲಿ, ಹಿರಿಯೂರಿನ ಕಡೆ ಈರುಳ್ಳಿ ಕೀಳುವ ಕಾಲದಲ್ಲಿ ಮಕ್ಕಳು ಹೊಲ ತೋಟಗಳಲ್ಲಿ ದುಡಿಯುವುದುಂಟು. ಇದನ್ನರಿಯದ ಹಿರಿಯರು ಹುಡುಗನನ್ನು ಸೋಮಾರಿಯೆನ್ನುವರು. ಅರಿತವರು ಭೇಟಿಯ ದಿನವನ್ನು ಬದಲಾಯಿಸುವರು.

ಮೂರನೆಯದು ಸಲಿಗೆ. ಹೆಣ್ಣುಮಕ್ಕಳು ತಮ್ಮ ಕಷ್ಟವನ್ನು ಒಬ್ಬ ತಾಯಿಯೊಡನೆಯೋ ಅಕ್ಕನೊಡನೆಯೋ ಹೇಳಿಕೊಳ್ಳಬಲ್ಲರು. ಆದರೆ ಸಲಿಗೆಯ ನೆಪದಲ್ಲಿ ಜಾತಿಗೆ ಜಾತಿಯನ್ನು ಜೋಡಿಸುವುದು ಸರ್ವಥಾ ಕೂಡದು. ವಾರಾನ್ನದ ದೋಷವನ್ನು ಕಳೆಯಲೆಂದು ಹುಟ್ಟಿದ ನಿಲಯಗಳಲ್ಲಿ ಆ ದೋಷವು ಹಿಂಬಾಗಿಲಿನಿಂದ ಒಳಗೆ ಬರಬಾರದು.

ಇನ್ನು ಜೋಡಿಸುವ ಕ್ರಮ. ೧೯೬೨ರಲ್ಲಿ ಗೇಲ್ ಮತ್ತು ಶ್ಯಾಪ್ಲಿ ಎಂಬ ಇಬ್ಬರು ಗಣಿತಜ್ಞರು ಇದಕ್ಕೊಂದು ಸುಲಭವಾದ ಉಪಾಯವನ್ನು ತೋರಿಸಿಕೊಟ್ಟರು. ಅಮೆರಿಕಾದಲ್ಲಿ ಹೊಸ ವೈದ್ಯರನ್ನು ಆಸ್ಪತ್ರೆಗಳಿಗೆ ಹಂಚಲು ಇದೇ ಜಾತಿಯ ಕ್ರಮವು ೧೯೫೨ರಿಂದಲೇ ನಡೆದಿತ್ತು. ಈ ವಿಚಾರದ ಬೆಳವಣಿಗೆಗಾಗಿ ಶ್ಯಾಪ್ಲಿ ಮತ್ತು ರಾತ್ ಎಂಬವರಿಗೆ ೨೦೧೨ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ಸಂದಿತು. ಉಪಾಯವನ್ನು ಒಂದು ಕಲ್ಪಿತ ದೃಷ್ಟಾಂತದಿಂದ ತಿಳಿಯಬಹುದು.

ಮೂವರು ಹಿರಿಯರಿದ್ದಾರೆಂದು ಭಾವಿಸಬೇಕು: ಚಿತ್ರದುರ್ಗದ ಗಣಿತದ ಉಪಾಧ್ಯಾಯರು, ಹೊಸದುರ್ಗದ ನಿವೃತ್ತ ಬ್ಯಾಂಕ್ ನೌಕರರು, ಹಿರಿಯೂರಿನ ಆಸ್ಪತ್ರೆಯ ದಾದಿ. ಮೂವರು ವಿದ್ಯಾರ್ಥಿಗಳು: ದಾದಿಯಾಗಬೇಕೆಂದಿರುವ ಹಿರಿಯೂರಿನ ಹುಡುಗಿ, ವಾಣಿಜ್ಯ ಓದುವ ಹೊಸದುರ್ಗದ ಹುಡುಗ, ಗಣಿತದಲ್ಲಿ ಸೋಲುತ್ತಿರುವ ಹೊಳಲ್ಕೆರೆಯ ಹುಡುಗ. ಹಾಜರಿಪಟ್ಟಿಯಂತೆ ಹಂಚಿದಾಗ ಹಿರಿಯೂರಿನ ಹುಡುಗಿಗೆ ಗಣಿತದ ಉಪಾಧ್ಯಾಯರೂ, ಹೊಸದುರ್ಗದವನಿಗೆ ಹಿರಿಯೂರಿನ ದಾದಿಯೂ, ಹೊಳಲ್ಕೆರೆಯವನಿಗೆ ಬ್ಯಾಂಕ್ ನೌಕರರೂ ಬಂದರೆಂದರೆ, ಮೂವರು ಸಜ್ಜನರ ಶ್ರಮವೂ ವ್ಯರ್ಥವಾಗುವುದು.

ಇದಕ್ಕೆ ಬದಲಾಗಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೂವರು ಹಿರಿಯರ ಹೆಸರುಗಳನ್ನು ತನಗೆ ಬೇಕಾದ ಕ್ರಮದಲ್ಲಿ ಬರೆದುಕೊಡಲಿ. ಹಿರಿಯರೂ ತಮ್ಮಿಂದ ಯಾರಿಗೆ ಹೆಚ್ಚು ಉಪಕಾರವಾದೀತೆಂಬುದನ್ನು ಕ್ರಮವಾಗಿ ಬರೆಯಲಿ. ಹುಡುಗಿಯು ದಾದಿಯನ್ನು ಮೊದಲು ಬರೆದಳು. ಹುಡುಗರಿಬ್ಬರೂ, ಹೆಸರಾಂತವರೆಂದು, ಉಪಾಧ್ಯಾಯರನ್ನೇ ಮೊದಲು ಬರೆದರು. ಉಪಾಧ್ಯಾಯರಾದರೋ ಗಣಿತದಲ್ಲಿ ಸೋಲುವವನನ್ನು ತಮ್ಮ ಪಟ್ಟಿಯ ಮೊದಲಲ್ಲಿ ಬರೆದಿದ್ದಾರೆ. ಆದುದರಿಂದ ಹೊಳಲ್ಕೆರೆಯವನನ್ನು ಸದ್ಯಕ್ಕೆ ಉಳಿಸಿಕೊಂಡು ಹೊಸದುರ್ಗದವನನ್ನು ಬಿಟ್ಟುಕೊಡುವರು. ಅವನು ತನ್ನ ಎರಡನೆಯ ಹೆಸರಾದ ಬ್ಯಾಂಕ್ ನೌಕರರನ್ನು ಕೇಳುವನು. ಅವರು ಅವನ ಊರಿನವರೇ, ಅವನ ವಿಷಯವನ್ನು ಬಲ್ಲವರೇ. ಜೋಡಣೆಯು ಮುಗಿಯಿತು. ಇಲ್ಲಿರುವ ಮರ್ಮವೆಂದರೆ, ಎಲ್ಲರ ಸರದಿಯೂ ಮುಗಿಯುವವರೆಗೆ ಯಾವ ಒಪ್ಪಿಗೆಯೂ ಕಡೆಯದಲ್ಲ. ಮೊದಲು ಬಂದವನಿಗೆ ಮೊದಲ ಮಣೆಯೆಂಬ ನಿಯಮವು ಇಲ್ಲಿಲ್ಲ. ಕಡೆಗೆ, ತಮತಮಗೆ ದೊರೆತವರಿಗಿಂತ ಒಬ್ಬರನ್ನೊಬ್ಬರು ಹೆಚ್ಚಾಗಿ ಬಯಸುವ ಹಿರಿಯ ಕಿರಿಯರು ಬೇರೆಯಾಗಿ ಉಳಿಯುವುದಿಲ್ಲ. ನೂರು ಮಂದಿಯಿದ್ದರೂ ಇದೇ ಕ್ರಮವು ನಡೆಯುವುದು. ಒಬ್ಬ ಹಿರಿಯರಿಗೆ ಮೂವರೋ ನಾಲ್ವರೋ ಆದರೂ ನಡೆಯುವುದು.

ಇಲ್ಲಿ ಒಂದು ಆಕ್ಷೇಪಣೆಯುಂಟು. ಶಿಷ್ಯನು ಗುರುವನ್ನು ಆರಿಸುವುದು ಅವಿನಯವಲ್ಲವೇ ಎಂದು ಹಿರಿಯರು ಕೇಳಬಹುದು. ಅವಿನಯವಲ್ಲ. ಗುರುವು ಶಿಷ್ಯನನ್ನು ಪರೀಕ್ಷಿಸಬೇಕೆಂಬುದು ಹೇಗೆ ಸಂಪ್ರದಾಯವೋ, ಶಿಷ್ಯನು ಗುರುವನ್ನು ಅರಸಿಕೊಂಡು ಹೋಗಬೇಕೆಂಬುದೂ ಹಾಗೆಯೇ ಸಂಪ್ರದಾಯವು. ಶರಣರ ಚರಿತ್ರೆಯಲ್ಲಿ ಮುಕ್ತಾಯಕ್ಕನಿಗೆ ಅಣ್ಣನಾದ ಅಜಗಣ್ಣನೇ ಗುರುವು. ಅಣ್ಣನು ಲಿಂಗೈಕ್ಯನಾದಾಗ ದುಃಖದಲ್ಲಿ ಮುಳುಗಿದ್ದ ಆಕೆಯ ಬಳಿಗೆ ಅಲ್ಲಮಪ್ರಭುಗಳು ಬಂದರು. ಆಕೆಯು ತಲೆಬಾಗಿ ಸುಮ್ಮನಾಗಲಿಲ್ಲ. ಪ್ರಭುಗಳ ಮಾತಿಗೆ ಮಾತು ಕೊಟ್ಟಳು, ಪ್ರಶ್ನೆಗೆ ಪ್ರಶ್ನೆಯಿಟ್ಟಳು. ಸಮಾಧಾನವಾದ ಮೇಲೆಯೇ ಒಪ್ಪಿದಳು. ಅದನ್ನು ಯಾರೂ ಅವಿನಯವೆಂದು ಕರೆಯಲಿಲ್ಲ. ಒಬ್ಬ ಮಾರ್ಗದರ್ಶಕನು ಹೋದ ಮೇಲೆ ಶಿಷ್ಯಳನ್ನು ಒಂಟಿಯಾಗಿ ಬಿಡಬಾರದೆಂಬ ನೀತಿಯನ್ನೂ ಈ ಪ್ರಸಂಗದಿಂದ ಗ್ರಹಿಸಬಹುದು. ವರ್ಗವಾಗಿ ಹೋಗುವ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಹೆಸರು ಹಿಡಿದು ಮತ್ತೊಬ್ಬರ ಕೈಗೆ ಒಪ್ಪಿಸಿಯೇ ಹೋಗತಕ್ಕದ್ದು.

ಎಷ್ಟು ವಿಚಾರಿಸಿ ಜೋಡಿಸಿದರೂ ಕೆಲವು ಜೋಡಿಗಳು ಹೊಂದುವುದಿಲ್ಲ. ಆದುದರಿಂದ ಮೊದಲ ಒಂದು ತಿಂಗಳನ್ನು ಪರೀಕ್ಷಾಕಾಲವೆಂದು ಇಟ್ಟುಕೊಳ್ಳುವುದು ಲೇಸು. ತಿಂಗಳಾದ ಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಬೇಕು. ಕೇಳುವವರು ಮೂರನೆಯ ಒಬ್ಬರಾಗಿರಬೇಕು. ಬದಲಾವಣೆಯನ್ನು ಬಯಸಿದವರಿಂದ ಕಾರಣವನ್ನು ಬಲವಂತವಾಗಿ ಹೊರಡಿಸಬಾರದು. ಹಿರಿಯರೂ ಅದನ್ನು ತಮಗಾದ ಅವಮಾನವೆಂದು ತಿಳಿಯಬಾರದು. ಪರೀಕ್ಷಾಕಾಲವು ಕಳೆದ ಮೇಲೆ ಒಂದು ಶಾಲಾವರ್ಷವಾದರೂ ಕೈಬಿಡೆನೆಂಬ ಮಾತನ್ನು ಹಿರಿಯರು ಕೊಡತಕ್ಕದ್ದು. ಅಷ್ಟು ಅವಕಾಶವಿಲ್ಲದವರು ಮೊದಲೇ ಬೇಡವೆನ್ನುವುದು ಧರ್ಮವು.

ಮತ್ತೊಂದು ಮಾತು ಹೇಳುವುದಕ್ಕೆ ಕಷ್ಟವಾದರೂ ಹೇಳದೆ ಬಿಡತಕ್ಕದ್ದಲ್ಲ. ಹಿರಿಯನ ಕೈಗೆ ಮಗುವನ್ನು ಒಪ್ಪಿಸುವುದೆಂದರೆ ಅಧಿಕಾರವನ್ನು ಒಪ್ಪಿಸಿದಂತೆ. ಅಧಿಕಾರವಿದ್ದಲ್ಲಿ ಅದರ ದುರುಪಯೋಗದ ಭಯವೂ ಇದೆ. ಗೌರವದ ಪೀಠಗಳೂ ವೇಷಗಳೂ ಈ ಭಯವನ್ನು ತಾವಾಗಿ ಕಳೆಯಲಾರವು. ಭೇಟಿಗಳು ನಾಲ್ಕು ಜನರು ಓಡಾಡುವ ಸ್ಥಳದಲ್ಲಿಯೇ ನಡೆಯಬೇಕು. ಮಗುವು ತನ್ನ ದೂರನ್ನು ಆ ಹಿರಿಯರಿಗೂ ನಿಲಯದ ಮೇಲ್ವಿಚಾರಕರಿಗೂ ಹೊರತಾದ ಒಬ್ಬರಿಗೆ ಹೇಳಿಕೊಳ್ಳುವಂತಿರಬೇಕು. ೨೦೧೨ರಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯಿದೆಯು ಜಾರಿಗೆ ಬಂದಿದೆ. ಅಪರಾಧವನ್ನು ತಿಳಿದೂ ತಿಳಿಸದಿರುವುದು ಆ ಕಾಯಿದೆಯ ಪ್ರಕಾರ ತಪ್ಪಾಗಿದೆ. ೧೦೯೮ ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಪ್ರತಿಯೊಂದು ನಿಲಯದ ಗೋಡೆಯ ಮೇಲೆಯೂ ದೊಡ್ಡ ಅಕ್ಷರಗಳಲ್ಲಿ ಬರೆಸುವುದು ಯಾವ ಸಂಸ್ಥೆಯ ಗೌರವಕ್ಕೂ ಕುಂದಲ್ಲ, ಬರೆಸದಿರುವುದೇ ಕುಂದು.

ಭಕ್ತಮಹಾಶಯರೇ, ಜೂಬಿಲಿಯ ಸಂದರ್ಭದಲ್ಲಿ ಕಟ್ಟಡಗಳಿಗೆ ದಾನ ಕೊಡುವವರು ಬಹು ಮಂದಿ. ಇಲ್ಲಿ ಬೇಡುವ ದಾನವು ಹಣದ್ದಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ನಿವೃತ್ತ ಉಪಾಧ್ಯಾಯರು, ನೌಕರರು, ವ್ಯಾಪಾರಿಗಳು, ಕೃಷಿಯನ್ನು ಬಲ್ಲವರು, ಅದೇ ನಿಲಯಗಳಲ್ಲಿ ಉಂಡು ಓದಿ ಮುಂದೆ ಬಂದವರು ಬೇಕಾದಷ್ಟು ಮಂದಿಯಿದ್ದಾರೆ. ತಾಲ್ಲೂಕಿಗೊಂದರಂತೆ ಇವರ ಪಟ್ಟಿಯು ಶಾಲೆ ತೆರೆಯುವ ಮುನ್ನವೇ ಸಿದ್ಧವಾಗಲಿ. ಯಾರು ಯಾವುದನ್ನು ಬಲ್ಲರು, ಯಾವ ದಿನ ಬಿಡುವು, ಯಾವ ಊರಿನ ವರೆಗೆ ಹೋಗಬಲ್ಲರು ಎಂಬ ಮೂರು ಸಂಗತಿಗಳು ಅದರಲ್ಲಿರಲಿ. ಜೂನ್ ತಿಂಗಳಲ್ಲಿ ವಿದ್ಯಾರ್ಥಿಗಳಿಗೆ ಆ ಪಟ್ಟಿಯನ್ನು ಓದಿ ಹೇಳಿ, ಅವರ ಇಷ್ಟವನ್ನು ಬರೆಯಿಸಿಕೊಂಡು, ಜೋಡಿಸಿ, ಒಂದು ತಿಂಗಳು ನೋಡಿ, ದಸರೆಯ ರಜಕ್ಕೆ ಮುಂಚೆ ಮತ್ತೊಮ್ಮೆ ವಿಚಾರಿಸಲಿ. ಇದಕ್ಕೆ ಬೇಕಾದುದು ಕೆಲವು ಹಾಳೆ ಕಾಗದ ಮತ್ತು ಕೆಲವರ ತಾಳ್ಮೆ.

ವಾರಾನ್ನದ ಕಾಲವು ಮುಗಿಯಿತು; ಮುಗಿದುದು ಒಳ್ಳೆಯದೇ ಆಯಿತು. ಆದರೆ ಹುಡುಗನು ಬಾರದಿದ್ದಾಗ ಬಾಗಿಲಿಗೆ ಬಂದು ನೋಡುತ್ತಿದ್ದ ಆ ತಾಯಿಯ ಪ್ರಶ್ನೆಯು ಮುಗಿಯಬಾರದು. ಪ್ರತಿಯೊಂದು ಮಗುವಿಗೂ ಆ ಪ್ರಶ್ನೆಯನ್ನು ಕೇಳುವವರು ಒಬ್ಬರು, ತಕ್ಕವರು ಒಬ್ಬರು, ದೊರೆಯಲಿ.

ಸರ್ವರಿಗೂ ಸನ್ಮಂಗಳವಾಗಲಿ.